ಷರಾ ಖಾಲಿ ಬಿಡದ ನರ್ಸಮ್ಮ

ನಮ್ಮೂರ ನರ್ಸಮ್ಮನ ಎಡಗೈ ಮಣಿಕಟ್ಟಿನ ಮೇಲೆ ಯಾವಾಗ ನೋಡಿದರೂ ಏಳೆಂಟು ಬೊಟ್ಟುಗಳು ಅಂಟಿರುತ್ತಿದ್ದವು. ಹೆಂಗಸರು ಹಣೆಗೆ ಇಟ್ಟುಕೊಳ್ಳುವ ಸ್ಟಿಕ್ಕರ್ ಬೊಟ್ಟುಗಳೇ. ಕೆಂಪು, ಹಸಿರು, ಕಪ್ಪು. ಬೆವರಿಗೆ ಒಂದೆರಡು ಜಾರಿ ಗಡಿಯಾರದ ಪಟ್ಟಿಗೆ ಹತ್ತಿಕೊಂಡಿರುತ್ತಿದ್ದವು. ಸೆರಗಿನಲ್ಲಿ ಒಂದು, ಚಪ್ಪಲಿಯ ಅಂಚಿನಲ್ಲಿ ಒಂದು. ಆದರೆ ಅವರ ಹಣೆಗೆ ಮಾತ್ರ ಅವು ಒಂದು ದಿನವೂ ಏರಿದ್ದಿಲ್ಲ, ಅಲ್ಲಿ ಸಣ್ಣದೊಂದು ಕುಂಕುಮ ಅಷ್ಟೆ. ಯಾಕೆ ಅಂತ ಯಾರಾದರೂ ಕೇಳಿದರೆ, "ಇವು ಡೂಟಿ ಬೊಟ್ಟು ಕಣಮ್ಮ. ನಾನಿಕ್ಕಂಡ್ರೆ ನಂಗೂ ಬಸ್ರು ಅಂತ ಬರ್ಕಬೇಕಾಯ್ತದೆ" ಎಂದು ಗಹಗಹಿಸುತ್ತಿದ್ದರು.

ಬೊಟ್ಟುಗಳು ಹೋಗಿ ಸೇರುತ್ತಿದ್ದುದು ಗೋಡೆಗೆ. ನಮ್ಮೂರು ಮದ್ದೂರಿಗೂ ಹನಕೆರೆಗೂ ನಡುವೆ, ಹೆದ್ದಾರಿಗೆ ಅಂಟಿಕೊಂಡೇ ಇದೆ. ಅಲ್ಲಿನ ಆರೋಗ್ಯ ಉಪಕೇಂದ್ರ ಅಂದರೆ ಒಂದು ಕೋಣೆ, ಮುಂದೆ ಒಂದು ಜಗುಲಿ, ಹಿಂದೆ ನರ್ಸಮ್ಮ ವಾಸವಿದ್ದ ಎರಡು ಅಂಕಣ. ಜನ ಅದನ್ನು ನರ್ಸಮ್ಮನ ಆಸ್ಪತ್ರೆ ಎನ್ನುತ್ತಿದ್ದರು. ಕೋಣೆಯ ಒಳಗೋಡೆಯ ಮೇಲೆ ಅವರು ತಾವೇ ಬಣ್ಣ ಕಲಸಿ ಇಡೀ ಊರಿನ ನಕ್ಷೆ ಬರೆದಿದ್ದರು. ಒಂದೊಂದು ಮನೆಗೂ ಒಂದೊಂದು ಚೌಕ. ಬಸುರಿ ಇರುವ ಮನೆಗೆ ಕೆಂಪು ಬೊಟ್ಟು, ವರ್ಷ ತುಂಬದ ಕೂಸಿರುವ ಮನೆಗೆ ಹಸಿರು, ಕ್ಷಯದ ಮಾತ್ರೆ ನುಂಗುವವರ ಮನೆಗೆ ಕಪ್ಪು. ಹೆರಿಗೆಯಾದ ದಿನ ಕೆಂಪನ್ನು ಕಿತ್ತು ಮಣಿಕಟ್ಟಿಗೆ ಅಂಟಿಸಿಕೊಂಡು, ಆ ಜಾಗಕ್ಕೆ ಹಸಿರು ಒತ್ತುತ್ತಿದ್ದರು. ಒತ್ತುವಾಗ ಹೆಬ್ಬೆರಳನ್ನು ಒಂದು ಗಳಿಗೆ ಅಲ್ಲೇ ಇಟ್ಟಿರುತ್ತಿದ್ದರು.

ನಾನು ಏಳನೇ ಕ್ಲಾಸಿನಲ್ಲಿದ್ದಾಗ ಒಂದು ದಿನ ನೋಡುತ್ತೇನೆ, ನಮ್ಮ ಮನೆಯ ಚೌಕದ ಮೇಲೆ ಹಸಿರು ಬೊಟ್ಟು.

"ನಮ್ಮನೇಲಿ ಕೂಸೆಲ್ಲದೆ ನರ್ಸಮ್ಮ?" ಅಂದೆ.

"ನೀನೇ ಕಣ್ಲಾ ಕೂಸು. ಮೂಗೊರ್ಸ್ಕೊ ಮೊದ್ಲು."

ಆಗ ನಮ್ಮವ್ವನಿಗೆ ಕ್ಷಯ. ಊರಿಗೆ ಗೊತ್ತಾದರೆ ಹಾಲಿನ ಡೈರಿಯಲ್ಲಿ ನಮ್ಮ ಹಾಲು ಮುಟ್ಟುವುದಿಲ್ಲ ಅನ್ನುವ ಹೆದರಿಕೆ ಅಪ್ಪನಿಗೆ. ನರ್ಸಮ್ಮ ವಾರಕ್ಕೆ ಮೂರು ದಿನ ನಮ್ಮ ಮನೆಗೆ ಬಂದು, ಎದುರಿಗೆ ಕೂತು ಮಾತ್ರೆ ನುಂಗಿಸಿ, "ಎಲ್ಲಿ ಬಾಯ್ ತಗಿ, ನಾಲ್ಗೆ ಎತ್ತು" ಎಂದು ನೋಡಿಯೇ ಹೊರಡುತ್ತಿದ್ದರು. ಅಕ್ಕಪಕ್ಕದವರು ಕೇಳಿದರೆ, ಅವ್ವನ ಹತ್ತಿರ ಸೋಬಾನೆ ಪದ ಕಲಿಯುತ್ತಿದ್ದೇನೆ ಅನ್ನುತ್ತಿದ್ದರು. ಆರು ತಿಂಗಳು ಕಳೆದು ಅವ್ವ ಗುಣವಾದ ಮೇಲೆ ನನ್ನನ್ನು ಕರೆದು ಆ ಹಸಿರು ಬೊಟ್ಟು ಕಿತ್ತರು. ಅದರ ಕೆಳಗೆ ಕಪ್ಪು ಬೊಟ್ಟಿತ್ತು. ಅದನ್ನೂ ಕಿತ್ತು ನನ್ನ ಮೂಗಿನ ತುದಿಗೆ ಅಂಟಿಸಿ, "ಓಗು, ನಿಮ್ಮವ್ವಂಗೆ ತೋರ್ಸು" ಅಂದರು. ನಮ್ಮವ್ವ ಇವತ್ತಿಗೂ ಗಟ್ಟಿಮುಟ್ಟಾಗಿದ್ದಾಳೆ, ನನ್ನನ್ನು ಬೈಯುವಷ್ಟು ದನಿಯೂ ಇದೆ.

ಅವರ ಇನ್ನೊಂದು ಹಟವನ್ನು ಹೇಳಲೇಬೇಕು. ಲಸಿಕೆ ಹಾಕಿದ್ದಕ್ಕೆ, ಬಸುರಿಯರ ತಪಾಸಣೆಗೆ, ಜ್ವರಕ್ಕೆ, ಎಲ್ಲಕ್ಕೂ ಒಂದೊಂದು ಉದ್ದನೆಯ ರಿಜಿಸ್ಟರು. ಪ್ರತಿ ಹಾಳೆಯ ಕೊನೆಗೆ, ವಿಶೇಷ ಏನಾದರೂ ಇದ್ದರೆ ಬರೆಯಲು, ಷರಾ ಅಂತ ಒಂದು ಕಲಂ. ಬೇರೆ ನರ್ಸುಗಳು ಅದನ್ನು ಖಾಲಿ ಬಿಡುತ್ತಿದ್ದರಂತೆ, ಇಲ್ಲ ಒಂದು ಗೆರೆ ಎಳೆಯುತ್ತಿದ್ದರಂತೆ. ಇವರು ಮಾತ್ರ ಒಂದನ್ನೂ ಬಿಡುತ್ತಿರಲಿಲ್ಲ. "ಕೂಸು ಅಳಲಿಲ್ಲ, ಅವ್ವ ಅತ್ತಳು." "ಗಂಡ ಕುಡಿದು ಬರುತ್ತಾನೆ, ಮಾತ್ರೆ ಪಕ್ಕದ ಮನೆ ಅಕ್ಕನ ಕೈಲಿ ಕೊಟ್ಟಿದೆ." ನನ್ನ ಹೆಸರಿನ ಮುಂದೆ, "ಓಡಿ ಹೋಗಿ ಕಬ್ಬಿನ ಗದ್ದೆಯಲ್ಲಿ ಅವಿತಿದ್ದ, ಹಿಡಿದು ತಂದು ಸೂಜಿ ಹಾಕಿದೆ." ನನ್ನ ಕೈಯಲ್ಲಿ ಓದಿಸಿ ನಗುತ್ತಿದ್ದರು.

"ಇದನ್ನೆಲ್ಲ ಯಾರು ಓದ್ತಾರೆ ನರ್ಸಮ್ಮ?"

"ಓದ್ದಿದ್ರೆ ಅವ್ರ ಕರ್ಮ. ಬ್ಯಾರೆ ಕಲಂನಾಗೆ ಅಂಕಿ ಬರೀತೀವಿ ಕಣ್ಲಾ, ಮನುಸ್ರು ಬರೋದು ಷರಾದಾಗೆ. ಅದ ಖಾಲಿ ಬುಡಬ್ಯಾಡ."

ನನ್ನ ಬುದ್ಧಿಗೆ ಅದು ಆಗ ನಾಟಲಿಲ್ಲ. ನಾಟುವ ಹೊತ್ತಿಗೆ ಕಾಲ ಮಿಂಚಿತ್ತು.

ಊರು ಮೊದಲು ರಸ್ತೆಯ ಒಂದೇ ಪಕ್ಕಕ್ಕಿತ್ತು. ಸ್ಕೂಲು, ಸೊಸೈಟಿ, ನರ್ಸಮ್ಮನ ಆಸ್ಪತ್ರೆ ಎಲ್ಲ ಈ ಕಡೆ. ಆಮೇಲೆ ಮನೆ ಇಲ್ಲದವರಿಗೆ ಸೈಟು ಕೊಡುವಾಗ ರಸ್ತೆಯ ಆ ಕಡೆಯ ಗೋಮಾಳದಲ್ಲಿ ಕೊಟ್ಟರು. ಹೊಸದಾಗಿ ಮದುವೆಯಾದವರು, ಬೇರೆ ಹೋದ ಅಣ್ಣತಮ್ಮಂದಿರು, ಕೂಲಿಯವರು ಎಲ್ಲ ಅಲ್ಲಿಗೆ ಹೋದರು. ನರ್ಸಮ್ಮ ಗೋಡೆಯ ನಕ್ಷೆಯನ್ನು ಬಾಗಿಲ ಆಚೆಯವರೆಗೂ ಬೆಳೆಸಬೇಕಾಯಿತು. ಎರಡು ಮೂರು ವರ್ಷದಲ್ಲಿ ಕೆಂಪು, ಹಸಿರು ಬೊಟ್ಟುಗಳೆಲ್ಲ ಬಾಗಿಲ ಆ ಕಡೆ ತುಂಬಿ, ಹಳೆ ಊರಿನ ಚೌಕಗಳು ಬೋಳಾಗಿ ಉಳಿದವು.

"ನೋಡ್ದಾ, ಬಸ್ರೀರ್ನೆಲ್ಲ ಆ ಕಡೀಕ್ ಮಡಗವ್ರೆ, ಆಸ್ಪತ್ರೆ ಈ ಕಡೀಕ್ ಮಡಗವ್ರೆ. ಸೈಟ್ ಅಳ್ಯೋ ದಿವ್ಸ ನನ್ನ ಒಂದ್ ಮಾತು ಕೇಳಿದ್ರೆ ಅವ್ರ ಗಂಟೇನ್ ಓಯ್ತಿತ್ತು?" ಎಂದು ಆಗಲೇ ಗೊಣಗಿದ್ದರು. ಆದರೂ ಆಗ ರಸ್ತೆ ಅಂಥ ಹೆದರಿಕೆಯದಲ್ಲ. ಗುರುವಾರ ಸೂಜಿ ದಿನ. ತಾಯಂದಿರು ಕೂಸುಗಳನ್ನು ಸೊಂಟಕ್ಕೆ ಹಾಕಿಕೊಂಡು, ಬಸ್ಸು ಲಾರಿಗೆ ಕೈ ತೋರಿಸುತ್ತ ಸಾಲಾಗಿ ದಾಟಿ ಬರುತ್ತಿದ್ದರು.

ಆಮೇಲೆ ರಸ್ತೆ ಅಗಲ ಮಾಡುವ ಕೆಲಸ ಬಂತು. ಅಷ್ಟರಲ್ಲಿ ನಾನು ಮಂಡ್ಯದಲ್ಲಿ ಡಿಪ್ಲೊಮಾ ಮುಗಿಸಿ, ಆ ರಸ್ತೆಗೆ ಅಳತೆ ಮಾಡಿಕೊಡುತ್ತಿದ್ದ ಒಂದು ಕಂಪನಿಯಲ್ಲಿ ಸರ್ವೆ ಸಹಾಯಕನಾಗಿ ಸೇರಿದ್ದೆ. ಗುತ್ತಿಗೆ ಕೆಲಸ, ಇವತ್ತು ಇದೆ ನಾಳೆ ಇಲ್ಲ. ನರ್ಸಮ್ಮನಿಗೆ ಮಾತ್ರ ನಾನು ದೊಡ್ಡ ಮನುಷ್ಯ. "ಏನ್ಲಾ ಎಂಜಿನಿಯರಪ್ಪ, ನಮ್ಮೈಕ್ಳು ದಾಟಕ್ಕೆ ರಸ್ತೆ ಕೆಳೀಕೆ ಒಂದ್ ದಾರಿ ಮಡಗ್ಸಪ್ಪ, ಆಸ್ಪತ್ರೆ ಎದ್ರೀಗೇ" ಎಂದು ಸಿಕ್ಕಾಗೆಲ್ಲ ಹೇಳುತ್ತಿದ್ದರು. ಅವರು ಕೇಳಿದ್ದು ಅದೊಂದೇ. ಮೇಲೆ ವಾಹನ ಓಡುವ, ಕೆಳಗೆ ಮನುಷ್ಯರು ನಡೆದು ದಾಟುವ ಒಂದು ಅಂಡರ್‌ಪಾಸು.

ಮದ್ದೂರಿನ ಒಂದು ಕಲ್ಯಾಣ ಮಂಟಪದಲ್ಲಿ ರಸ್ತೆಯ ಬಗ್ಗೆ ಅಹವಾಲು ಕೇಳುವ ಸಭೆ ಕರೆದರು. ನಾನು ನಕ್ಷೆ ಹಿಡಿದುಕೊಂಡು ವೇದಿಕೆಯ ಪಕ್ಕ ನಿಂತಿದ್ದೆ. ನೋಡಿದರೆ ನರ್ಸಮ್ಮ ಬಂದಿದ್ದಾರೆ, ಕಂಕುಳಲ್ಲಿ ಒಂದು ಸುರುಳಿ. ಗೋಡೆಯನ್ನು ಕಿತ್ತು ತರಲಾಗುವುದಿಲ್ಲವಲ್ಲ, ಹಳೆಯ ಪೋಲಿಯೊ ಬ್ಯಾನರಿನ ಹಿಂಬದಿಗೆ ಇಡೀ ನಕ್ಷೆಯನ್ನು ಇನ್ನೊಮ್ಮೆ ಬರೆದು, ಬೊಟ್ಟು ಅಂಟಿಸಿ ತಂದಿದ್ದರು. ಜಮೀನು ಹೋದವರು ಪರಿಹಾರದ ದರಕ್ಕೆ ಕೂಗಾಡುತ್ತಿದ್ದರು. ಮಧ್ಯಾಹ್ನದ ಹೊತ್ತಿಗೆ ಇವರ ಸರದಿ ಬಂತು. ಬ್ಯಾನರಿನ ಎರಡು ತುದಿಯನ್ನು ಇಬ್ಬರು ಹೆಂಗಸರ ಕೈಲಿ ಹಿಡಿಸಿ ನಿಂತರು.

ವೇದಿಕೆಯ ಮೇಲಿದ್ದ ಅಧಿಕಾರಿ, "ನಿಮ್ಮ ಸರ್ವೆ ನಂಬರ್ ಎಷ್ಟಮ್ಮ?" ಅಂದರು.

"ನಂಗೆ ಜಮೀನಿಲ್ಲ ಸಾ. ನಾನು ನರ್ಸು."

"ಆರೋಗ್ಯ ಇಲಾಖೆಗೂ ರಸ್ತೆಗೂ ಏನಮ್ಮ ಸಂಬಂಧ? ಜಮೀನು ಹೋದವರು ಮಾತ್ರ ಮಾತಾಡಲಿ. ನಿಮ್ಮದೇನೂ ಹೋಗಿಲ್ವಲ್ಲ."

"ಇನ್ನೂ ಓಗಿಲ್ಲ ಸಾ, ಓಗ್ಬಾರ್ದು ಅಂತ್ಲೇ ಬಂದಿವ್ನಿ. ಈ ಕೆಂಪು ಬೊಟ್ಟು ಒಸಿ ನೋಡಿ..."

ಹಿಂದಿನಿಂದ ನಮ್ಮೂರಿನವರೇ ಒಬ್ಬರು, "ನರ್ಸಮ್ಮ, ಬೊಟ್ಟು ಮಾರಕ್ ಬಂದಿದ್ದೀರಾ?" ಅಂತ ಕೂಗಿದರು. ಸಭೆಗೆ ಸಭೆಯೇ ನಕ್ಕಿತು. ಅಧಿಕಾರಿಯೂ ನಕ್ಕು, "ಅರ್ಜಿ ಕೊಟ್ಟು ಹೋಗಿ, ಪರಿಶೀಲಿಸೋಣ" ಅಂದರು. ಸುಳ್ಳು ಯಾಕೆ ಹೇಳಲಿ, ಅವರು ನನ್ನ ಕಡೆ ನೋಡಿದಾಗ ನಾನು ಕೈಲಿದ್ದ ನಕ್ಷೆಯನ್ನು ಸುತ್ತುವವನ ಹಾಗೆ ತಲೆ ತಗ್ಗಿಸಿದೆ.

ಆದರೂ ಅರ್ಜಿ ಪೂರಾ ವ್ಯರ್ಥವಾಗಲಿಲ್ಲ. ಎಲ್ಲೆಲ್ಲಿ ಜನ ಹೆಚ್ಚು ದಾಟುತ್ತಾರೆ ಅಂತ ಎಣಿಸಿ ನೋಡಿ, ಅಲ್ಲಿ ಅಂಡರ್‌ಪಾಸು ಕೊಡುವುದು ಅಂತ ತೀರ್ಮಾನವಾಯಿತು. ನಮ್ಮೂರೂ ಎಣಿಕೆಯ ಪಟ್ಟಿಗೆ ಸೇರಿತು. ಎಣಿಸಲು ನನ್ನನ್ನೇ ಹಾಕಿದರು. ಊರಿನ ಹುಡುಗ, ಜನರ ಗುರುತಿದೆ ಅಂತ. ನಮ್ಮ ಮೇಲ್ವಿಚಾರಕ ಹೇಳಿದ ದಿನ ಗುರುವಾರ. ನನಗೆ ಒಳಗೊಳಗೇ ಖುಷಿ. ಸೂಜಿ ದಿನ, ಆ ಕಡೆಯ ತಾಯಂದಿರೆಲ್ಲ ಸಾಲುಗಟ್ಟಿ ಬರುತ್ತಾರೆ, ಬರೆದುಕೊಂಡರೆ ಆಯಿತು, ಅಂಡರ್‌ಪಾಸು ಬಂದ ಹಾಗೇ ಅಂದುಕೊಂಡೆ.

ಬೆಳಿಗ್ಗೆ ಆರಕ್ಕೇ ಹೊಂಗೆ ಮರದ ಕೆಳಗೆ ಹಾಳೆ ಹಿಡಿದು ಕೂತೆ. ಹಾಳೆಯಲ್ಲಿ ಗಂಡಸು, ಹೆಂಗಸು, ಮಕ್ಕಳು ಅಂತ ಮೂರು ಕಲಂ. ಕೊನೆಗೆ ಇಂಗ್ಲಿಷಿನಲ್ಲಿ ಅಚ್ಚಾದ ಅದೇ ಷರಾ. ಡೈರಿಗೆ ಹಾಲು ತಂದ ಹತ್ತಾರು ಜನ ದಾಟಿದರು, ಸ್ಕೂಲಿನ ಮಕ್ಕಳು ದಾಟಿದರು. ಹತ್ತು ಗಂಟೆಯಾಯಿತು, ಹನ್ನೊಂದಾಯಿತು. ತಾಯಂದಿರ ಸುಳಿವಿಲ್ಲ. ಅಷ್ಟರಲ್ಲಿ ಉಪಕೇಂದ್ರದ ಕಡೆಯಿಂದ ನರ್ಸಮ್ಮ ಬಂದರು. ಹೆಗಲಿಗೆ ನೀಲಿ ಲಸಿಕೆ ಡಬ್ಬಿ, ಕೈಯಲ್ಲಿ ರಿಜಿಸ್ಟರು.

"ಇವತ್ತು ಆ ಕಡೆಯವ್ರು ಬರಲ್ವಾ ನರ್ಸಮ್ಮ?"

"ಬರ್ಬ್ಯಾಡ್ರವ್ವ ಅಂದಿವ್ನಿ. ಓದ್ವಾರ ಒಂದ್ ಟಿಪ್ಪರು ಬಾಣ್ತಿ ಸೆರಗು ಸವ್ರ್ಕಂಡೋಯ್ತು ಕಣಪ್ಪ. ಈ ರಸ್ತೆ ಕೆಲ್ಸ ಮುಗ್ಯೋಗಂಟ ಐಕ್ಳ ಎತ್ಕಂಡು ದಾಟೋದ್ ಬ್ಯಾಡ. ಅವ್ರಾದ್ರೆ ಇಪ್ಪತ್ ಜನ, ನಾನು ಒಬ್ಳು. ನಾನೇ ಓಯ್ತೀನಿ. ನೀನೇನ್ ಮಾಡ್ತಿದ್ದೀಯ ಬಿಸ್ಲಲ್ಲಿ?"

"ದಾಟೋರ್ನ ಎಣಿಸ್ತಿದ್ದೀನಿ. ಅಂಡರ್‌ಪಾಸಿಗೆ."

ಅವರ ಮುಖ ಅರಳಿತು. "ನೀನೇ ಎಣ್ಸಕ್ ಬಂದಿದ್ದೀಯಾ? ಸದ್ಯ! ನನ್ನೂ ಬರ್ಕ ಮತ್ತೆ, ಬುಟ್ಬುಟ್ಟೀಯ." ಚೀಲದಿಂದ ಒಂದು ಹಿಡಿ ಕಡ್ಲೆಪುರಿ ನನ್ನ ಕೈಗೆ ಸುರಿದು, ಡಬ್ಬಿಯನ್ನು ಎದೆಗವಚಿಕೊಂಡು, ಎರಡು ಲಾರಿಗಳ ನಡುವೆ ಓಡಿ ಆ ಕಡೆ ಸೇರಿದರು. ಹೆಂಗಸು ಕಲಮಿನಲ್ಲಿ ನಾನು ಒಂದು ಗೆರೆ ಎಳೆದೆ.

ಇಪ್ಪತ್ತು ತಾಯಂದಿರು, ಇಪ್ಪತ್ತು ಕೂಸುಗಳು, ಜೊತೆಗೆ ಬರುವ ಅಜ್ಜಿಯರು. ಅವರೆಲ್ಲರ ಬದಲಿಗೆ ಒಂದು ಗೆರೆ. ನನಗೆ ಹೊಳೆಯಲಿಲ್ಲವೇ? ಹೊಳೆಯಿತು. ಷರಾ ಕಲಮಿನ ಮೇಲೆ ಪೆನ್ನನ್ನು ಇಟ್ಟೂ ಇಟ್ಟೆ. ಅಷ್ಟರಲ್ಲಿ ಮೇಲ್ವಿಚಾರಕ ಬೈಕಿನಲ್ಲಿ ಬಂದು ಹಾಳೆ ಇಣುಕಿ, "ಏನದು? ಕಂಡಷ್ಟು ಬರಿ, ಕತೆ ಬರೀಬೇಡ. ದಾಟದೆ ಇದ್ದೋರ ವಿಷಯ ನಮಗ್ಯಾಕೆ?" ಅಂದರು. ನಾನು ಪೆನ್ನು ಎತ್ತಿಬಿಟ್ಟೆ. ಅವರ ಎದುರು ಬರೆಯಲು ಧೈರ್ಯ ಬರಲಿಲ್ಲ ಅನ್ನಬಹುದು. ಆದರೆ ಅವರು ಐದೇ ನಿಮಿಷ ಇದ್ದು ಹೋದರು. ಸಂಜೆ ಆರರವರೆಗೆ ನಾನು ಒಬ್ಬನೇ ಕೂತಿದ್ದೆ, ಷರಾ ಖಾಲಿಯೇ ಇತ್ತು. ಹಾಗೇ ಸಹಿ ಹಾಕಿ ಕೊಟ್ಟೆ.

ಕೆಲವು ತಿಂಗಳ ಮೇಲೆ ನಕ್ಷೆ ಬಂತು. ಅಂಡರ್‌ಪಾಸು ಮಂಡ್ಯದ ಕಡೆಗೆ ಒಂದೂವರೆ ಕಿಲೋಮೀಟರು ಆಚೆ, ಒಂದು ಹೊಸ ಹೋಟೆಲಿನ ಪಕ್ಕಕ್ಕೆ ಬಿದ್ದಿತ್ತು. ನಮ್ಮೂರ ಎದುರಿಗೆ ಉದ್ದಕ್ಕೂ ಕಬ್ಬಿಣದ ಬೇಲಿ. ಸುದ್ದಿ ಕೇಳಿ ನರ್ಸಮ್ಮ ನಮ್ಮ ಸೈಟ್ ಆಫೀಸಿಗೇ ಬಂದರು. ತಗಡಿನ ಶೆಡ್ಡು, ಫ್ಯಾನಿನ ಗಾಳಿಗೆ ಹಾಳೆಗಳು ಹಾರುತ್ತಿದ್ದವು. ನಾನು ನಕ್ಷೆ ಬಿಡಿಸಿ ತೋರಿಸಿದೆ. ಅವರು ಬೊಟ್ಟು ಅಂಟಿಸುವ ಬೆರಳಿಂದ ಗೆರೆಯ ಮೇಲೆ ಆ ತುದಿಯಿಂದ ಈ ತುದಿಗೆ ಎಳೆದು ನೋಡಿದರು.

"ನಮ್ಮೂರ್ ತಾವ ಯಾಕ್ ಕೊಡ್ಲಿಲ್ವಂತೆ?"

"ಎಣಿಕೇಲಿ ಜನ ಸಾಲಲಿಲ್ವಂತೆ ನರ್ಸಮ್ಮ."

"ಅದೆಂಗ್ ಸಾಲ್ದು? ಸೂಜಿ ದಿವ್ಸ ಬಂದು ನೋಡ್ಲಿ, ಜಾತ್ರೆ ಇದ್ದಂಗಿರ್ತದೆ. ಯಾವತ್ತು ಎಣಿಸ್ಬುಟ್ಟೆ ನೀನು?" ಎಂದರು. ಅಷ್ಟರಲ್ಲೇ ಕಡ್ಲೆಪುರಿ ಕೊಟ್ಟದ್ದು ಅವರಿಗೆ ನೆನಪಾಗಿರಬೇಕು. ಪಕ್ಕದಲ್ಲಿದ್ದ ಪ್ಲಾಸ್ಟಿಕ್ ಕುರ್ಚಿಯನ್ನು ಎಳೆದುಕೊಂಡು ಕೂತರು.

"ಅವತ್ತು ಗುರುವಾರ" ಅಂದರು. "ಅಯ್ಯೋ ಸಿವನೇ. ನಾನೇ ಕಣಪ್ಪ ಕೆಡಿಸ್ಬುಟ್ಟಿದ್ದು. ಬರ್ಬ್ಯಾಡ್ರವ್ವ ಅಂದೋಳು ನಾನೇಯ."

ಆಗ ನಾನು ಒಂದೇ ಒಂದು ಮಾತು ಹೇಳಬೇಕಿತ್ತು. ಇಲ್ಲ ನರ್ಸಮ್ಮ, ಷರಾದಲ್ಲಿ ಎರಡು ಸಾಲು ಬರೆದಿದ್ದರೆ ಸಾಕಿತ್ತು, ಬರೆಯದವನು ನಾನು ಅನ್ನಬೇಕಿತ್ತು. "ನಿಮ್ದೇನ್ ತಪ್ಪು, ಬಿಡಿ" ಅಂದೆ, ಅಷ್ಟೆ. ಅವರು ತಲೆಯಾಡಿಸುತ್ತ ಎದ್ದು ಹೋದರು. ನನ್ನ ತಪ್ಪನ್ನು ಅವರ ತಲೆಯ ಮೇಲೆ ಹೊರಿಸಿ ಕಳಿಸಿದ ನೀಚ ನಾನು.

ಬೇಲಿ ಎದ್ದಿತು. ಸುತ್ತಿ ಬಂದರೆ ಹೋಗಿ ಬರಲು ಮೂರು ಮೂರು ಕಿಲೋಮೀಟರು, ಕೂಸು ಎತ್ತಿಕೊಂಡು, ಬಿಸಿಲಲ್ಲಿ. ಯಾರು ಬರುತ್ತಾರೆ? ಗಂಡಸರು ಒಂದು ಕಡೆ ಕಂಬಿ ಕತ್ತರಿಸಿ ಸಂದು ಮಾಡುವುದು, ಕಂಪನಿಯವರು ಬಂದು ಬೆಸುಗೆ ಹಾಕುವುದು, ಮತ್ತೆ ಕತ್ತರಿಸುವುದು, ಇದೇ ನಡೆಯಿತು. ನರ್ಸಮ್ಮ ಮಾತ್ರ ಗುರುವಾರ ತಪ್ಪಿಸಲಿಲ್ಲ. ಸಂದು ಇದ್ದರೆ ನುಸುಳಿ, ಇಲ್ಲದಿದ್ದರೆ ಡಬ್ಬಿಯನ್ನು ಆ ಕಡೆಯವರ ಕೈಗೆ ದಾಟಿಸಿ, ಸೀರೆ ಎತ್ತಿ ಕಟ್ಟಿಕೊಂಡು ಬೇಲಿ ಹತ್ತಿ ಇಳಿಯುತ್ತಿದ್ದರು. ಐವತ್ತೇಳು ವರ್ಷದ ಹೆಂಗಸು. ಮಂಡಿ ಬಾತಿರುತ್ತಿತ್ತು. "ಕೆಡಿಸ್ದೋಳು ನಾನು, ದಾಟ್ಬೇಕಾದೋಳೂ ನಾನೇ" ಎಂದು ಅವರು ನಮ್ಮವ್ವನ ಹತ್ತಿರ ಹೇಳಿದ್ದನ್ನು ಅವ್ವ ಬಂದು ನನಗೆ ಹೇಳಿದಳು.

ಅವರು ಎಷ್ಟೇ ದಾಟಿದರೂ ಸಿಕ್ಕದೆ ಉಳಿಯುವವರು ಇದ್ದೇ ಇದ್ದರು. ಆ ಕಡೆಯ ಒಬ್ಬ ಹುಡುಗಿ ಸೋಮನಹಳ್ಳಿಯ ಒಂದು ಕಾರ್ಖಾನೆಗೆ ಕೆಲಸಕ್ಕೆ ಹೋಗುತ್ತಿದ್ದಳು. ಚೊಚ್ಚಲ ಬಸುರಿ. ಗುರುವಾರ ಅವಳು ಮನೆಯಲ್ಲಿರುತ್ತಿರಲಿಲ್ಲ, ರಜೆ ಭಾನುವಾರ ಒಂದೇ. ಮುಂಚೆಯಾದರೆ ಅಂಥವರು ಭಾನುವಾರ ರಸ್ತೆ ದಾಟಿ ಬಂದು ನರ್ಸಮ್ಮನ ಬಾಗಿಲು ತಟ್ಟಿ ಬಿ.ಪಿ. ನೋಡಿಸಿಕೊಂಡು, ಕಾಫಿ ಕುಡಿದು ಹೋಗುತ್ತಿದ್ದರು. ಬೇಲಿ ಹಾರಲು ಅವಳಿಗೆ ಹೆದರಿಕೆ, ಸುತ್ತಿ ಬರಲು ಕಾಲು ಬಾವು. ಮುಂದಿನ ವಾರ, ಮುಂದಿನ ವಾರ ಅಂತ ಎರಡು ತಿಂಗಳು ತಳ್ಳಿದಳು. ಆ ಕಾಲು ಬಾವೇ ಬಿ.ಪಿ. ಏರಿ ಬರುವ ಬಸುರಿ ನಂಜಿನ ಸೂಚನೆ ಅಂತ ಹೇಳುವವರು ಹತ್ತಿರದಲ್ಲಿರಲಿಲ್ಲ. ಒಂದು ಬೆಳಿಗ್ಗೆ ಫಿಟ್ಸು ಬಂತು. ಮಂಡ್ಯಕ್ಕೆ ಕರೆದುಕೊಂಡು ಹೋದರು. ಕೂಸು ಉಳಿಯಿತು, ತಾಯಿ ಉಳಿಯಲಿಲ್ಲ.

ಮಾರನೇ ದಿನ ನಾನು ಉಪಕೇಂದ್ರಕ್ಕೆ ಹೋದಾಗ ನರ್ಸಮ್ಮ ಗೋಡೆಯ ಮುಂದೆ ನಿಂತಿದ್ದರು. ಆ ಮನೆಯ ಕೆಂಪು ಬೊಟ್ಟನ್ನು ಕಿತ್ತಿದ್ದರು. ಹಸಿರು ಬೊಟ್ಟು ಬೆರಳಿನಲ್ಲೇ ಇತ್ತು, ಒತ್ತಿರಲಿಲ್ಲ.

"ಪೋಲೀಸ್ನೋರ ಪುಸ್ತಕದಾಗೆ ಈ ರಸ್ತೇಲಿ ಸತ್ತೋರ್ ಪಟ್ಟಿ ಅದೆ. ಇವ್ಳು ಅದ್ರಾಗ್ ಬರಾಕಿಲ್ಲ" ಅಂದರು. "ಗಾಡಿ ಗುದ್ಲಿಲ್ವಲ್ಲ ಇವ್ಳಿಗೆ. ಆಸ್ಪತ್ರೇಲಿ ಸತ್ಲು ಅಂತಾರೆ. ರಸ್ತೆಯಿಂದ್ಲೇ ಸತ್ತೋಳು ಕಣಪ್ಪ ಇವ್ಳು. ಎಲ್ ಬರೀಲಿ ನಾನು ಇದ್ನ?"

ಬರೆದರು. ಸಾವಿನ ವರದಿಯ ಷರಾದಲ್ಲಿ, ಬೇಲಿಯಿಂದಾಗಿ ತಪಾಸಣೆಗೆ ಬರಲಾಗಲಿಲ್ಲ ಅಂತ ಬರೆದು ಕಳಿಸಿದರು. ಇದು ವೈದ್ಯಕೀಯ ಕಾರಣವಲ್ಲ ಅಂತ ಮೇಲಿನವರು ಆ ಸಾಲನ್ನು ಹೊಡೆದು ಹಾಕಿದರು. ನರ್ಸಮ್ಮ ತಮ್ಮ ಪ್ರತಿಯಲ್ಲಿ ಮಾತ್ರ ಹಾಗೇ ಉಳಿಸಿಕೊಂಡರು.

ನನಗೂ ತಡೆಯಲಾಗಲಿಲ್ಲ. ಕೆಲಸ ಹೋದರೆ ಹೋಗಲಿ ಅಂತ ನಮ್ಮ ದೊಡ್ಡ ಎಂಜಿನಿಯರರ ಮುಂದೆ ನಿಂತು, ಆ ಗುರುವಾರದ ಎಣಿಕೆ ತಪ್ಪು, ಇನ್ನೊಮ್ಮೆ ಎಣಿಸಬೇಕು ಅಂದೆ. ಅವರು ಕೆಟ್ಟವರಲ್ಲ. ಕೂರಿಸಿ ಸಮಾಧಾನವಾಗಿಯೇ ಹೇಳಿದರು. "ಈಗ ಏನಂತ ಎಣಿಸ್ತೀರಿ? ಬೇಲಿ ಬಂದ ಮೇಲೆ ಅಲ್ಲಿ ದಾಟೋರೇ ಇಲ್ಲ. ಹಾರಿ ಬರೋರು ಕಾನೂನು ಮುರಿಯೋರು, ಅವರನ್ನ ಲೆಕ್ಕಕ್ಕೆ ತಗೊಳ್ಳೋ ಹಾಗಿಲ್ಲ. ಎಣಿಸಿದರೆ ಸೊನ್ನೆ ಬರುತ್ತೆ. ಇರೋ ಸಂಖ್ಯೆಯೂ ಹೋಗುತ್ತೆ." ಅವರು ಹೇಳಿದ್ದರಲ್ಲಿ ಒಂದಕ್ಷರ ಸುಳ್ಳಿರಲಿಲ್ಲ, ಅದೇ ಹೊಟ್ಟೆ ಉರಿಸಿದ್ದು. ನರ್ಸಮ್ಮ ಅರ್ಜಿ ಮೇಲೆ ಅರ್ಜಿ ಹಾಕಿದರು. ರಸ್ತೆಯವರು ಆರೋಗ್ಯದವರಿಗೆ ಬರೆಯಿರಿ ಅಂದರು, ಆರೋಗ್ಯದವರು ಇದು ರಸ್ತೆಯವರ ವಿಷಯ ಅಂದರು.

ಅರವತ್ತಾಗಿ ನಿವೃತ್ತರಾದ ಮೇಲೆ ನರ್ಸಮ್ಮ ಮಳವಳ್ಳಿಯಲ್ಲಿದ್ದ ತಂಗಿಯ ಮನೆಗೆ ಹೋದರು. ಹಾಗಂತ ಸುಮ್ಮನಿದ್ದರೇ? ಗುರುವಾರ ಬಂತೆಂದರೆ ಬಸ್ಸು ಹಿಡಿದು ಬಂದು, ಬೇಲಿಯ ಸಂದಿನ ಹತ್ತಿರ ಕೆಂಪು ಟವೆಲು ಹಿಡಿದು ನಿಂತು, ಹೊಸದಾಗಿ ಬಂದ ನರ್ಸು ಹುಡುಗಿಯನ್ನೂ ಅವಳ ಡಬ್ಬಿಯನ್ನೂ ದಾಟಿಸುತ್ತಿದ್ದರು. ಮಂಡಿ ಪೂರಾ ಹೋದ ಮೇಲೆ ಅದೂ ನಿಂತಿತು.

ಒಮ್ಮೆ ಗಟ್ಟಿ ಮನಸ್ಸು ಮಾಡಿ, ಎಲ್ಲವನ್ನೂ ಹೇಳಿಬಿಡುತ್ತೇನೆ ಅಂತ ಮಳವಳ್ಳಿಗೆ ಹೋದೆ. ಮಂಚದ ಮೇಲೆ ಕಾಲು ಚಾಚಿ ಕೂತಿದ್ದರು, ಕೈ ಮೇಲೆ ಒಂದೂ ಬೊಟ್ಟಿರಲಿಲ್ಲ. ಬರಿಗೈ ನೋಡಿ ನನಗೆ ಬೇರೆ ಯಾರದೋ ಕೈ ಅನ್ನಿಸಿತು.

"ಬಾ ಮಗ, ಉಂಡ್ಯಾ? ದಾರಿ ಏನಾದ್ರೂ ಆಯ್ತಾ?"

"ಇಲ್ಲ ನರ್ಸಮ್ಮ."

"ನಾನೊಂದ್ ದಿವ್ಸ ಸುಮ್ಕಿದ್ದಿದ್ರೆ ಆಗೋಗಿರೋದು" ಎಂದು ಕಿಟಕಿಯ ಕಡೆ ನೋಡಿದರು. ಈಗ ಹೇಳಬೇಕು, ಈಗ ಅಂದುಕೊಂಡೆ. ಅಷ್ಟರಲ್ಲಿ ಅವರ ತಂಗಿ ಮುದ್ದೆ, ಸೊಪ್ಪಿನ ಸಾರು ತಂದು ಇಟ್ಟರು. ನರ್ಸಮ್ಮ ಮಂಚದಿಂದಲೇ, "ಇನ್ನೊಂದ್ ಮುದ್ದೆ ಇಕ್ಕು, ಬಿಸ್ಲಲ್ಲಿ ಅಲ್ಯೋ ಮಗ" ಅಂದರು. ಉಂಡು, ಕೈ ತೊಳೆದು, ಬಸ್ಸು ಹತ್ತಿದೆ. ಎರಡು ತಿಂಗಳಿಗೆ, ಮಧ್ಯಾಹ್ನ ಊಟ ಮಾಡಿ ಮಲಗಿದವರು ಏಳಲಿಲ್ಲ ಅಂತ ಫೋನು ಬಂತು. ಮಣ್ಣಿಗೆ ನಮ್ಮೂರ ಆ ಕಡೆಯ ಹೆಂಗಸರು ಟೆಂಪೊ ಮಾಡಿಕೊಂಡು ಬಂದಿದ್ದರು. ತಾಯಿಯಿಲ್ಲದ ಆ ಕೂಸನ್ನೂ ಅದರ ಅಜ್ಜಿ ಎತ್ತಿಕೊಂಡು ಬಂದಿದ್ದಳು, ಅದಕ್ಕಾಗಲೇ ಮೂರು ವರ್ಷ.

ನಾನು ಈಗಲೂ ಅದೇ ಕೆಲಸ ಮಾಡುತ್ತೇನೆ, ಬೇರೆ ರಸ್ತೆಗಳಲ್ಲಿ. ಹೊಟ್ಟೆಪಾಡು. ಎಣಿಕೆಯ ಹಾಳೆಯಲ್ಲಿ ಷರಾ ಮಾತ್ರ ಖಾಲಿ ಬಿಡುವುದಿಲ್ಲ. ಇಂದು ಸಂತೆ ಇಲ್ಲ, ಇಂದು ಶಾಲೆಗೆ ರಜೆ, ಈ ಊರಿನ ಬಸುರಿಯರು ಆಚೆ ಬದಿಯಲ್ಲಿದ್ದಾರೆ ಅಂತ ಬರೆಯುತ್ತೇನೆ. ಕಂಪ್ಯೂಟರಿಗೆ ಏರಿಸುವಾಗ ಆ ಕಲಂ ಏರಿಸುವುದಿಲ್ಲ ಅಂತ ಗೊತ್ತಿದೆ. ಆದರೂ ಬರೆಯುತ್ತೇನೆ.

ಈ ವರ್ಷ ಉಪಕೇಂದ್ರಕ್ಕೆ ಸುಣ್ಣ ಹೊಡೆಸುವಾಗ ಹೊಸ ನರ್ಸು ನನ್ನನ್ನು ಕರೆಸಿದಳು. ಗೋಡೆಯ ನಕ್ಷೆ ಆಗಲೇ ಬಿಳಿಯ ಕೆಳಗೆ ಹೋಗಿತ್ತು. "ಅಣ್ಣಾ, ಹಳೇ ಪುಸ್ತಕ ರದ್ದಿಗೆ ಹಾಕ್ಬೇಕು, ನಿಮಗೇನಾದ್ರೂ ಬೇಕಾ ನೋಡಿ" ಅಂದಳು. ಬೀರುವಿನ ಮುಂದೆ ನೆಲದ ಮೇಲೆ ಕೂತು ಆ ವರ್ಷದ ಲಸಿಕೆ ರಿಜಿಸ್ಟರು ಹುಡುಕಿದೆ. ಆ ಗುರುವಾರದ ಹಾಳೆ ಸಿಕ್ಕಿತು. ಇಪ್ಪತ್ತು ಕೂಸುಗಳ ಹೆಸರು, ಇಪ್ಪತ್ತಕ್ಕೂ ಷರಾ. ಕೊನೆಯ ಕೂಸಿನ ಕೆಳಗೆ, ಗೆರೆಯ ಆಚೆ ಉಳಿದಿದ್ದ ಜಾಗದಲ್ಲಿ, ಅವರ ದುಂಡನೆಯ ಅಕ್ಷರದಲ್ಲಿ ಇನ್ನೆರಡು ಸಾಲು ಇತ್ತು.

"ಈ ದಿನ ತಾಯಂದಿರನ್ನು ರಸ್ತೆ ದಾಟಿಸಲಿಲ್ಲ, ನಾನೇ ಹೋದೆ. ಎಲ್ಲರೂ ಕ್ಷೇಮ. ದಾಟುವವರನ್ನು ಎಣಿಸಲು ನಮ್ಮ ಹುಡುಗನೇ ಬಂದಿದ್ದಾನೆ, ಇನ್ನು ಭಯವಿಲ್ಲ."